ಪುನರ್ವಸು ಮಳೆ ಕೆಡಿಸಿದ ಬಿಲ್ಲೆಗಳು

ಮಳೆಗಾಲ ಬಂತೆಂದರೆ ತೀರ್ಥಹಳ್ಳಿಯ ನಮ್ಮ ಮನೆಯ ಬಾವಿಯಲ್ಲಿ ಬಗ್ಗಡ ನೀರು. ಅದನ್ನು ಸೋಸುವ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪೊರೆಯನ್ನು ಕೈಯಾರೆ ಮಾಡಬೇಕೆಂಬ ಹಟದಿಂದ ಶಿವಮೊಗ್ಗದ ಪ್ರಯೋಗಾಲಯವೊಂದರಲ್ಲಿ ಎರಡು ವರ್ಷ ಬಿಲ್ಲೆಗಳನ್ನು ಸುಟ್ಟಿದ್ದೇನೆ.

ಅಲ್ಯೂಮಿನಾ ಕರಗುವುದು ಸುಮಾರು 2072 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಕುಲುಮೆ 1400 ದಾಟುತ್ತಿರಲಿಲ್ಲ. ಮೂರು ಮೈಕ್ರಾನಿನ ಪುಡಿಯನ್ನು ಒತ್ತಿ ಸುಟ್ಟರೆ ಬಿಲ್ಲೆಯ ಅಂಚು ಉಗುರಿಗೇ ಉದುರುತ್ತಿತ್ತು. ಹಾಗಾಗಿ ಶೇಕಡ 1ರಷ್ಟು ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಬೆರೆಸಿದೆ. ಮೂರು ಧನಾವೇಶದ ಅಲ್ಯೂಮಿನಿಯಂ ಜಾಗದಲ್ಲಿ ನಾಲ್ಕು ಧನಾವೇಶದ ಟೈಟಾನಿಯಂ ಕುಳಿತಾಗ, ಆವೇಶ ಸರಿದೂಗಲು ಅಲ್ಯೂಮಿನಿಯಂನ ಕೆಲವು ಮನೆಗಳು ಖಾಲಿ ಬೀಳುತ್ತವೆ. ಆ ಖಾಲಿ ಮನೆಗಳ ಮೂಲಕ ಪರಮಾಣುಗಳು ಸಲೀಸಾಗಿ ಸರಿದು, ಕಣ ಕಣಗಳ ನಡುವಿನ ಕೊರಳು ದಪ್ಪವಾಗುತ್ತದೆ. ಬಿಲ್ಲೆ ಗಟ್ಟಿಯಾಯಿತು. ಆದರೆ ದೊಡ್ಡ ಹರಳುಗಳು ಚಿಕ್ಕವನ್ನು ನುಂಗಿ ಬೆಳೆದವು. ಒಂದೆಡೆ ರಂಧ್ರ ಮುಚ್ಚಿತು, ಇನ್ನೊಂದೆಡೆ ಹಿಗ್ಗಿತು. ನೆನೆಸಿದ ಬಿಲ್ಲೆಗೆ ಕೆಳಗಿನಿಂದ ಗಾಳಿ ಒತ್ತಿ ಮೊದಲ ಗುಳ್ಳೆಗೆ ಕಾಯುವುದು ನನ್ನ ಪರೀಕ್ಷೆ. ಕಡಿಮೆ ಒತ್ತಡದಲ್ಲೇ ಗುಳ್ಳೆ ಎದ್ದರೆ ಎಲ್ಲೋ ದೊಡ್ಡ ತೂತಿದೆ ಎಂದರ್ಥ. ಎಲ್ಲವೂ ಬೇಗನೆ ಗುಳ್ಳೆ ಬಿಟ್ಟವು.

ಹರಳಿನ ಗಡಿಗಳ ಓಟಕ್ಕೆ ಕಡಿವಾಣ ಹಾಕುವುದು ಮೆಗ್ನೀಷಿಯಾ, ಅಂದರೆ ಮೆಗ್ನೀಷಿಯಂ ಆಕ್ಸೈಡ್. ಜನರಲ್ ಎಲೆಕ್ಟ್ರಿಕ್‌ನ ವಿಜ್ಞಾನಿ ರಾಬರ್ಟ್ ಕೋಬಲ್ ಅದನ್ನು ಅಲ್ಯೂಮಿನಾಕ್ಕೆ ಚಿಟಿಕೆಯಷ್ಟು ಬೆರೆಸಿ, ಬೆಳಕು ಹಾಯುವಷ್ಟು ರಂಧ್ರರಹಿತವಾಗಿ ಸುಟ್ಟು 1962ರಲ್ಲಿ ಪೇಟೆಂಟ್ ಪಡೆದರು. ಬೀದಿಯ ಹಳದಿ ಸೋಡಿಯಂ ದೀಪದೊಳಗಿನ ನಳಿಕೆ ಅದೇ ವಸ್ತು. ನನಗೆ ಬೇಕಾದದ್ದು ರಂಧ್ರವಿರುವ ಪೊರೆ. ಆದರೂ ಹರಳುಗಳು ಸಮನಾಗಿರಬೇಕೆಂಬ ಅಗತ್ಯ ಎರಡಕ್ಕೂ ಒಂದೇ. ಸುಟ್ಟಾಗ ಮೆಗ್ನೀಷಿಯಾ ಆಗುವ ಮೆಗ್ನೀಷಿಯಂ ನೈಟ್ರೇಟ್ ಉಪ್ಪನ್ನು ನೀರಿನಲ್ಲಿ ಕರಗಿಸಿ, ಪುಡಿಗೆ ಬೆರೆಸಿ ಒಣಗಿಸಿದೆ. ಬೇಸಿಗೆಯ ಬಿಲ್ಲೆಗಳು ಚೆನ್ನಾಗಿ ಬಂದವು.

ಪುನರ್ವಸು ಮಳೆ ಹಿಡಿದಾಗ ಅದೇ ತೂಕ, ಅದೇ ಬಿಸಿ, ಆದರೆ ಹರಳುಗಳು ಮತ್ತೆ ಊದಿದ್ದವು. ಕುಲುಮೆಯ ಮೇಲೆ ಅನುಮಾನಪಟ್ಟು ಮೂರು ವಾರ ಕಳೆದೆ. ತಪ್ಪಿದ್ದದ್ದು ಉಪ್ಪಿನ ಶೀಶೆಯಲ್ಲಿ: ಅದು ತೇವ ಹೀರಿ ಮುದ್ದೆಯಾಗಿತ್ತು, ನಾನು ಮೆಗ್ನೀಷಿಯಂ ಎಂದು ನೀರನ್ನು ತೂಗುತ್ತಿದ್ದೆ. ಒಂದು ಗ್ರಾಂ ಉಪ್ಪು ಸುಟ್ಟರೆ 0.157 ಗ್ರಾಂ ಮೆಗ್ನೀಷಿಯಾ ಉಳಿಯಬೇಕು. ನನಗೆ ಸಿಕ್ಕಿದ್ದು 0.12.

ಈಗ ದ್ರಾವಣವನ್ನೇ ಅಳೆದು, ನಿಧಾನವಾಗಿ ಆವಿಯಾಗಿಸಿ, ಕಂದು ಹೊಗೆ ಹೊರಹೋಗುವ ಗೂಡಿನಲ್ಲಿ ಸುಟ್ಟು, ಉಳಿದ ತೂಕವನ್ನು ಶೀಶೆಯ ಮೇಲೆ ಬರೆಯುತ್ತೇನೆ. ಅದೇ ಮಳೆಗಾಲದಲ್ಲಿ ಮತ್ತೆ ಸುಟ್ಟ ಹನ್ನೆರಡು ಬಿಲ್ಲೆಗಳಲ್ಲಿ ಒಂದು ಮಾತ್ರ ಬೇಗ ಗುಳ್ಳೆ ಬಿಟ್ಟಿತು. ಅದು ಅಚ್ಚಿನಿಂದ ತೆಗೆಯುವಾಗಲೇ ಬಿರಿದಿತ್ತು.