ಇಂಗ್ಲೆಂಡಿಗೆ ಬಂದವರೇ, ಸೊಪ್ಪು ಕಾಳು ಬಿಡಬೇಡಿ

ಇಲ್ಲಿಗೆ ಬಂದ ಮೊದಲ ವರ್ಷದಲ್ಲೇ ನಮ್ಮ ತಟ್ಟೆಯಿಂದ ಸೊಪ್ಪು ಕಾಣೆಯಾಗುತ್ತದೆ. ಆಮೇಲೆ ಕಾಳು. ಅನ್ನ ಮಾತ್ರ ಊರಲ್ಲಿದ್ದಷ್ಟೇ ಇರುತ್ತದೆ. ಜೊತೆಗೆ ಸೂಟ್‌ಕೇಸಿನಲ್ಲಿ ಬಂದ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ. ಊರಲ್ಲಿ ಸೊಪ್ಪಿನವರು ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದರು. ದಂಟೋ ಮೆಂತ್ಯವೋ ಒಂದು ಕಟ್ಟು ಕೊಂಡರೆ ಮಧ್ಯಾಹ್ನಕ್ಕೆ ಬಸ್ಸಾರು ತಯಾರು. ಇಲ್ಲಿ ಯಾರೂ ಕೂಗುವುದಿಲ್ಲ. ನಾವೇ ಹುಡುಕಿಕೊಂಡು ಹೋಗಬೇಕು.

ಮನೆ ವಿಳಾಸ ಸಿಕ್ಕ ಕೂಡಲೇ ಹತ್ತಿರದ ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಬಳಿ ಎಲ್ಲರ ಹೆಸರು ಬರೆಸಿಬಿಡಿ. ಉಳಿದದ್ದು ಅಡುಗೆಮನೆಯ ಮಾತು.

ವೆಂಬ್ಲಿ, ಸೌತಾಲ್, ಲೆಸ್ಟರ್ ಕಡೆ ಇದ್ದರೆ ಮೆಂತ್ಯ, ಸಬ್ಬಸಿಗೆ ಕಟ್ಟುಗಟ್ಟಲೆ ಸಿಗುತ್ತವೆ. ಕ್ಯಾರಿಬಿಯನ್ ಅಂಗಡಿಗಳಲ್ಲಿ ಕ್ಯಾಲಲೂ ಅಂತ ಮಾರುವ ಸೊಪ್ಪು ನಮ್ಮ ದಂಟಿನ ಜಾತಿಯದೇ. ಯಾವುದೂ ಸಿಗದ ಊರಲ್ಲಿ ಎಲೆಕೋಸಿನ ಜಾತಿಯ ಕೇಲ್ ಸೊಪ್ಪು ಇದ್ದೇ ಇರುತ್ತದೆ. ದಪ್ಪ ದಂಟು ತೆಗೆದು, ಸಣ್ಣಗೆ ಹೆಚ್ಚಿ, ಅಲಸಂದೆ ಕಾಳಿನ ಜೊತೆ ಬೇಯಿಸಿ ಬಸಿಯಿರಿ. ಕಟ್ಟಿನಲ್ಲಿ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಫ್ರೀಜರಿನ ಪಾಲಕ್, ಬೀನ್ಸ್ ಬಳಸಲು ಸಂಕೋಚ ಬೇಡ. ಇಲ್ಲಿನ ಆರೋಗ್ಯ ಇಲಾಖೆ ದಿನಕ್ಕೆ 80 ಗ್ರಾಂನಂತೆ ಐದು ಪಾಲು ಹಣ್ಣು ತರಕಾರಿ ತಿನ್ನಿ ಎನ್ನುತ್ತದೆ. ಫ್ರೀಜರಿನದ್ದೂ ಆ ಲೆಕ್ಕಕ್ಕೆ ಬರುತ್ತದೆ, ಆಲೂಗಡ್ಡೆ ಬರುವುದಿಲ್ಲ. ಅನ್ನ, ತಿಳಿಸಾರು, ಆಲೂಗಡ್ಡೆ ಪಲ್ಯ ಉಂಡು ಎದ್ದರೆ ಆ ಹೊತ್ತು ತರಕಾರಿ ತಿಂದ ಹಾಗಾಗಲಿಲ್ಲ.

ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆ ಮೇಲೆ ಕೆಲಸ ಮಾಡುವುದಿಲ್ಲ. ಆಗ ಎಷ್ಟೋ ಜನ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ಕೊಳ್ಳುತ್ತಾರೆ. ದಯವಿಟ್ಟು ಅದರಲ್ಲಿ ಹಸಿ ರಾಜ್ಮಾ ನೇರವಾಗಿ ಹಾಕಬೇಡಿ. ಆ ಕಾಳಿನಲ್ಲಿರುವ ವಿಷದ ಅಂಶ ಸಣ್ಣ ಶಾಖಕ್ಕೆ ಹೋಗುವುದಿಲ್ಲ, ಜೋರು ವಾಂತಿ ಬೇಧಿ ಆಗುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಹಾಕಿ. ಇನ್ನೂ ಒಳ್ಳೆಯದು, ತಳಕ್ಕೆ ಆಯಸ್ಕಾಂತ ಅಂಟುವ ಸ್ಟೀಲ್ ಪ್ರೆಶರ್ ಕುಕ್ಕರ್ ಕೊಳ್ಳಿ.

ಉಪ್ಪಿನ ವಿಷಯ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಪ್ಯಾಕೆಟ್ ಉಪ್ಪು ಅಂದರೆ ಅಯೋಡಿನ್ ಇದ್ದೇ ಇರುತ್ತದೆ, ಅಲ್ವಾ? ಇಲ್ಲಿನ ಮಾಮೂಲಿ ಉಪ್ಪಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿನವರಿಗೆ ಅದು ಹೆಚ್ಚಾಗಿ ಹಾಲು, ಮೀನಿನಿಂದ ಸಿಗುತ್ತದೆ. ಸಸ್ಯಾಹಾರಿಗಳು ಹಸುವಿನ ಹಾಲು ಬಿಟ್ಟು ಓಟ್ ಹಾಲಿಗೆ ಹೋದರೆ ಅಯೋಡಿನ್ನೂ ಹೋಯಿತು, ಬಿ12 ಕೂಡ ಹೋಯಿತು. ಡಬ್ಬಿಯ ಮೇಲೆ ಎರಡೂ ಸೇರಿಸಿದ್ದಾರಾ ನೋಡಿ. ಮೊಸರನ್ನ ಬಿಡಲೇಬೇಡಿ.

ಬಿಸಿಲು ಇನ್ನೊಂದು ನಷ್ಟ. ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗೆ ಇಲ್ಲಿನ ಬಿಸಿಲಿನಿಂದ ಮೈಗೆ ಸಾಕಷ್ಟು ವಿಟಮಿನ್ ಡಿ ಸಿಗುವುದಿಲ್ಲ. ದಿನಕ್ಕೆ 10 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳಲು ಇಲ್ಲಿ ಎಲ್ಲರಿಗೂ ಹೇಳುತ್ತಾರೆ. ನಮ್ಮಂಥ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು. ಊರಿಂದ ತಂದ 60,000 ಯೂನಿಟ್‌ನ ಪ್ಯಾಕೆಟ್‌ಗಳನ್ನು ಡಾಕ್ಟರನ್ನು ಕೇಳದೆ ಸುಮ್ನೆ ನುಂಗಬೇಡಿ. ತೂಕದ ಲೆಕ್ಕವೂ ನಮಗೆ ಬೇರೆ. ಉಳಿದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ದಾಟಿದರೆ ಎಚ್ಚರಿಕೆ, ದಕ್ಷಿಣ ಏಷ್ಯಾದವರಿಗೆ 23ಕ್ಕೇ. ಸಕ್ಕರೆ ಕಾಯಿಲೆ ನಮಗೆ ಕಡಿಮೆ ತೂಕದಲ್ಲೂ ಬರುತ್ತದೆ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗಿ ಮನೆಯೊಳಗೇ ಕೂತುಬಿಡುತ್ತೇವೆ. ಹಾಗಾಗಿ ಅನ್ನ ಒಂದು ಸೌಟು ಕಡಿಮೆ ಮಾಡಿ, ಪಲ್ಯ, ಕೋಸಂಬರಿ ಒಂದು ಸೌಟು ಜಾಸ್ತಿ ಬಡಿಸಿ.

ಮಕ್ಕಳ ವಿಷಯ ಯೋಚಿಸಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ‘ಇಯರ್ 2’ ತರಗತಿಯವರೆಗೆ, ಅಂದರೆ ಆರೇಳು ವರ್ಷದ ಮಕ್ಕಳವರೆಗೆ, ಮಧ್ಯಾಹ್ನದ ಊಟ ಉಚಿತ. ಪಾಸ್ತಾ, ಬೇಯಿಸಿದ ಆಲೂಗಡ್ಡೆ, ಬೀನ್ಸ್ ತಿಂದು ಬರುತ್ತಾರೆ. ಅದೇನೂ ತಪ್ಪಲ್ಲ. ಆದರೆ ಸಂಜೆಯೂ ಅವರಿಗೆ ಬೇರೆ ಪಾಸ್ತಾ ಮಾಡಿ, ನಾವು ಎಂಟು ಗಂಟೆಗೆ ಹುಳಿಯನ್ನ ತಿಂದರೆ, ಆ ಮಗುವಿಗೆ ನಮ್ಮ ಊಟ ಪರಿಚಯವಾಗುವುದು ಯಾವಾಗ? ಊರಿಗೆ ಹೋದಾಗ ಅಜ್ಜಿ ಪ್ರೀತಿಯಿಂದ ಕಲಸಿ ಕೊಟ್ಟ ತುತ್ತನ್ನು ಮಗು ಬೇಡ ಅನ್ನುತ್ತದೆ. ಇಬ್ಬರಿಗೂ ನೋವು. ಮಾತಾದರೂ ಮುರುಕು ಕನ್ನಡದಲ್ಲಿ ನಡೆದೀತು, ಊಟ ಹಾಗಲ್ಲ.

ಅದಕ್ಕೇ ಸಂಜೆ ಆರಕ್ಕೆ ಎಲ್ಲರೂ ಒಟ್ಟಿಗೆ ಕೂತುಬಿಡಿ. ಖಾರ ಕಡಿಮೆ ಮಾಡಿ, ಅಡುಗೆ ಒಂದೇ ಇರಲಿ. ಮುದ್ದೆ ಹಿಡಿಸದ ಮಕ್ಕಳಿಗೆ ರಾಗಿ ದೋಸೆ ಹಿಡಿಸುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಇಂಡಿಯನ್ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಗುತ್ತದೆ. ಮಜ್ಜಿಗೆ, ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ನೀರಾಗಿ ಕಲಸಿದರೆ ಹುದುಗಿಸುವ ಗೋಜಿಲ್ಲ. ಕೆಲಸದಿಂದ ಬಂದು ಕೋಟು ತೆಗೆದಿಟ್ಟ ಮೇಲೂ ಆರಾಮಾಗಿ ಹುಯ್ದು ಕೊಡಬಹುದು.