ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ವಿಷಯ ಹುಡುಕುವುದು ಹೇಗೆ?

ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ.ಗೆಂದು ತಿಪಟೂರಿನಿಂದ ಬೆಂಗಳೂರಿಗೆ ಬಂದವಳು ನಾನು. ಇಂಗ್ಲಿಷ್ ಮೇಡಂ, "ವಾರಕ್ಕೊಂದು ಪುಟ ಬರೆದು ತನ್ನಿ, ವಿಷಯ ನಿಮ್ಮಿಷ್ಟ" ಎಂದರು. ಆ 'ನಿಮ್ಮಿಷ್ಟ'ವೇ ಕಷ್ಟಕ್ಕೆ ಬಂತು. ಮೊದಲ ವಾರ ಪರಿಸರ ಮಾಲಿನ್ಯದ ಬಗ್ಗೆ ಬರೆದೆ. ಬರೆದೆ ಎನ್ನುವುದಕ್ಕಿಂತ, ಮೊಬೈಲ್ ನೋಡಿ ಇಳಿಸಿಕೊಂಡೆ. ಮೇಡಂ ಒಂದು ಪದದ ಮೇಲೆ ಬೆರಳಿಟ್ಟು ಅರ್ಥ ಕೇಳಿದರು. ಇಂಗು ತಿಂದ ಮಂಗನಂತೆ ನಿಂತೆ.

ಆ ಪುಟವನ್ನು ಆಮೇಲೆ ಮತ್ತೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಉದ್ದಕ್ಕೂ 'ಈಸ್', 'ಶುಡ್', 'ಮಸ್ಟ್'ಗಳದ್ದೇ ಕಾರುಬಾರು. ಮಾಲಿನ್ಯ ಕೆಟ್ಟದ್ದು, ಗಿಡ ನೆಡಬೇಕು, ಪ್ಲಾಸ್ಟಿಕ್ ಬಿಡಬೇಕು. ಇಂಥ ವಿಷಯದಲ್ಲಿ ನೂರು ಪುಟ ಬರೆದರೂ ಭಾಷೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಆದ್ದರಿಂದ 'ಯಾವ ವಿಷಯ ದೊಡ್ಡದು' ಎಂದು ಯೋಚಿಸುವುದನ್ನು ಬಿಟ್ಟು, 'ನನಗೆ ಎಲ್ಲಿ ತಪ್ಪುತ್ತದೆ' ಎಂದು ನೋಡಿಕೊಂಡು ವಿಷಯ ಆರಿಸತೊಡಗಿದೆ.

ನಿಮಗೆ ಭೂತಕಾಲ ತಪ್ಪುತ್ತದೆ ಎಂದಿಟ್ಟುಕೊಳ್ಳಿ. ನಿನ್ನೆಯ ಬಸ್ಸಿನ ಬಗ್ಗೆ ಬರೆಯಿರಿ. ಮೆಜೆಸ್ಟಿಕ್‌ನಲ್ಲಿ ಹತ್ತಿದೆ, ಬಾಗಿಲ ಬಳಿ ನಿಂತೆ, ಛತ್ರಿಯನ್ನು ಸೀಟಿನ ಕೆಳಗೆ ಬಿಟ್ಟು ಬಂದೆ. ಕನ್ನಡದಲ್ಲಿ ಇವು ಸಲೀಸು. ಇಂಗ್ಲಿಷಿನಲ್ಲಿ ಇವೇ 'ಗಾಟ್', 'ಸ್ಟುಡ್', 'ಲೆಫ್ಟ್'. 'ಎಡ್' ಎಂಬ ಬಾಲಕ್ಕೆ ಒಗ್ಗದ ಹಟಮಾರಿಗಳಲ್ಲಿ ಬಹಳಷ್ಟು ದಿನಬಳಕೆಯ ಕ್ರಿಯಾಪದಗಳೇ. ಅವನ್ನು ಪಟ್ಟಿ ಮಾಡಿ ಉರು ಹೊಡೆಯುವುದಕ್ಕಿಂತ, ಕಳೆದುಹೋದ ಛತ್ರಿಯ ಕಥೆಯೊಳಗೆ ಹಿಡಿಯುವುದು ಸುಲಭ.

'ಎ', 'ಆನ್', 'ದ' ಕೈಕೊಡುತ್ತವೆಯೇ? ಅಡುಗೆಮನೆಗೆ ಹೋಗಿ. ಇವಕ್ಕೆ ಕನ್ನಡದಲ್ಲಿ ಸರಿಸಾಟಿಯಾದ ಪದಗಳಿಲ್ಲ, ಹಾಗಾಗಿ ನಮಗೆ ಅವು ಬಿಟ್ಟುಹೋದದ್ದೇ ತಿಳಿಯುವುದಿಲ್ಲ. ನಾನು ಒಗ್ಗರಣೆಯ ಬಗ್ಗೆ ಬರೆದೆ. ಪಿ.ಜಿ.ಯಲ್ಲಿ ನನ್ನ ಜೊತೆ ಇರುವವಳು ಮಣಿಪುರದವಳು, ಅವಳಿಗೆ ಕನ್ನಡ ಬರುವುದಿಲ್ಲ, ನನಗೆ ಅವಳ ಭಾಷೆ ಬರುವುದಿಲ್ಲ. ಅವಳು ಓದಿ ಮಾಡುವಂತಿರಬೇಕು ಎಂಬುದೇ ಪಂದ್ಯ. ಮೊದಲು 'ಆನ್ ಆನಿಯನ್' ಹೆಚ್ಚಬೇಕು, ಬಾಣಲೆಗೆ ಹಾಕುವ ಹೊತ್ತಿಗೆ ಅದು 'ದ ಆನಿಯನ್' ಆಗಿರಬೇಕು, ಏಕೆಂದರೆ ಈಗ ಅದು ನಮ್ಮಿಬ್ಬರಿಗೂ ಗೊತ್ತಿರುವ ಈರುಳ್ಳಿ. ಹತ್ತು ವರ್ಷ ತಲೆಗೆ ಹೋಗದಿದ್ದ ನಿಯಮ ಒಂದು ಈರುಳ್ಳಿಯಲ್ಲಿ ಇಳಿಯಿತು. ಇಂಗಿನ ಹತ್ತಿರ ಮಾತ್ರ ಮತ್ತೆ ಸಿಕ್ಕಿಬಿದ್ದೆ. ನಿಘಂಟು 'ಆಸಫೆಟಿಡಾ' ಎಂದಿತು. ಚಿಟಿಕೆ ಪುಡಿಗೆ ಇಷ್ಟುದ್ದ ಹೆಸರೇ! ಡಬ್ಬಿಯನ್ನು ಅವಳ ಮೂಗಿಗೆ ಹಿಡಿದೆ, ಮುಖ ಸಿಂಡರಿಸಿದಳು. ಆ ಮುಖವನ್ನೂ ಪುಟಕ್ಕೆ ಸೇರಿಸಿದೆ.

ಅಭಿಪ್ರಾಯ ಹೇಳುವ ವಿಷಯಗಳು ಕೊನೆಗಿರಲಿ. 'ಬಿಕಾಸ್', 'ಆಲ್ದೋ' ಬಳಸುವ ಧೈರ್ಯ ಬಂದ ಮೇಲೆ, ನಿಮ್ಮ ಜೇಬಿಗೆ ತಾಗುವುದನ್ನೇ ಹಿಡಿಯಿರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿಯುತ್ತದೆ, ಆದರೂ ಸೀಟು ಸಿಗುವುದಿಲ್ಲ. ಈ ಒಂದು 'ಆದರೂ' ಸಾಕು, ಪುಟ ತುಂಬುತ್ತದೆ. ಜೊತೆಗಾರರ ಮನೆಯ ವಿಚಾರ, ಜಗಳ ಇವು ಬೇಡ. ವ್ಯಾಕರಣ ಎಷ್ಟು ಸರಿಯಿದ್ದರೂ ಸ್ನೇಹ ಉಳಿಯುವುದಿಲ್ಲ.

ಇನ್ನು ವಿಷಯದ ಅಳತೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಶೆ. 'ಪರಿಶೆಯ ಮಹತ್ವ' ಎಂದು ಶುರು ಮಾಡಿ ನಾಲ್ಕು ಸಾಲಿಗೇ ನಿಂತೆ. 'ಪರಿಶೆಯಲ್ಲಿ ನಾನು' ಎಂದು ಬದಲಿಸಿದೆ. ಹೋದೆ, ನೋಡಿದೆ, ತಿಂದೆ, ಬಂದೆ, ಮುಗಿಯಿತು. ಮೂರನೆಯ ಸಲ ಒಬ್ಬ ಅಜ್ಜಿಯ ಕೈಯನ್ನಷ್ಟೇ ಹಿಡಿದುಕೊಂಡೆ. ಅವರು ಸೇರು ತುಂಬಿಸಿ ಚೀಲಕ್ಕೆ ಸುರಿದು, ನಾನು ಕೇಳುವ ಮೊದಲೇ ರಾಶಿಗೆ ಕೈಹಾಕಿ ಒಂದು ಹಿಡಿ ಕೊಸರು ಹಾಕಿದರು. ಬೆರಳ ಸಂದಿಯಿಂದ ಎರಡು ಕಾಯಿ ಜಾರಿದವು, ಅವನ್ನೂ ಹೆಕ್ಕಿ ಹಾಕಿದರು. ಪುಟ ತುಂಬಿತು. 'ಕೊಸರು' ಎಂಬುದಕ್ಕೆ ಒಂದು ಪದದ ಇಂಗ್ಲಿಷ್ ಹೊಳೆಯದೆ, ಅಳತೆ ಮುಗಿದ ಮೇಲೆ ಮಾರುವವರು ಮೇಲಿಂದ ಕೊಡುವುದು ಎಂದು ಬಿಡಿಸಿ ಬರೆಯಬೇಕಾಯಿತು. ಹೀಗೆ ಬಿಡಿಸಿ ಹೇಳಬೇಕಾದ ಒಂದೆರಡು ಕನ್ನಡ ಪದಗಳಿರುವ ವಿಷಯ ಸಿಕ್ಕರೆ ಬಿಡಬೇಡಿ. ಹತ್ತಿದ್ದರೆ ಮಾತ್ರ ಸದ್ಯಕ್ಕೆ ಪಕ್ಕಕ್ಕಿಡಿ.

ಬರೆದದ್ದನ್ನು ಮೇಡಂಗೆ ಕೊಡುವ ಮೊದಲು ಮಣಿಪುರದವಳ ಕೈಗೆ ಕೊಡುತ್ತೇನೆ. ತಪ್ಪು ತಿದ್ದಲಿ ಎಂದಲ್ಲ, ಅವಳೇನು ಕೇಳುತ್ತಾಳೆ ಎಂದು ನೋಡಲು. ಪರಿಶೆಯ ಪುಟ ಓದಿ, "ಸೇರು ಎಂದರೆ ಎಷ್ಟು ಕಿಲೋ?" ಎಂದಳು. ಅಜ್ಜಿ ಸೇರಿನಲ್ಲಿ ಅಳೆದದ್ದು ತೂಕವನ್ನಲ್ಲ, ಪಾತ್ರೆ ತುಂಬುವುದನ್ನು ಎಂದು ಹೇಳಲು ಹೊರಟು, ಇಂಗ್ಲಿಷಿನಲ್ಲಿ ಅರ್ಧದಲ್ಲೇ ಮುಗ್ಗರಿಸಿದೆ. ಮುಂದಿನ ಸೋಮವಾರದ ಪುಟ ಅದೇ.