ಸುರಂಗದ ನೀರಿನ ಪ್ರಶ್ನೆ ಹಿಡಿದು ಕೋರ್ಸ್ ಆರಿಸಿದ ಕಥೆ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬಾಯಾರಿನಲ್ಲಿ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಅಜ್ಜನ ಕಾಲದ ಒಂದು ಸುರಂಗ ಇದೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದದ್ದು, ಒಬ್ಬರು ಹೋಗುವಷ್ಟೇ ಅಗಲ. ಒಳಗಿಂದ ನೀರು ಜಿನುಗಿ ತಾನಾಗಿಯೇ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಮೊದಲು ಮೇ ತಿಂಗಳಲ್ಲೂ ಬರುತ್ತಿದ್ದ ನೀರು ಈಗ ಮಾರ್ಚ್‌ಗೇ ಸಣ್ಣ ನೂಲಿನ ಹಾಗೆ ಆಗುತ್ತದೆ. ಯಾಕೆ ಎಂದು ಅಜ್ಜನಲ್ಲಿ ಕೇಳಿದರೆ, "ಗುಡ್ಡ ಒಣಗಿತು ಮಗಳೇ" ಎನ್ನುತ್ತಿದ್ದರು.

ಪ್ಲಸ್ ಟು ಮುಗಿಸಿ 2024ರಲ್ಲಿ ನಾನು ಕಾಸರಗೋಡಿನಲ್ಲಿ ಡಿಗ್ರಿಗೆ ಸೇರಿದೆ, ಜಿಯಾಲಜಿಗೆ. "ಕಲ್ಲು ಕಲಿತು ಎಂತ ಮಾಡುವುದು?" ಎಂದು ದೊಡ್ಡಪ್ಪ ಕೇಳಿದರು. ನನ್ನಲ್ಲಿ ಉತ್ತರ ಇತ್ತು, ಆದರೆ ಹೇಳಲು ನಾಚಿಕೆ ಆಯಿತು. ಒಂದು ಸುರಂಗಕ್ಕಾಗಿ ಯಾರಾದರೂ ಡಿಗ್ರಿ ಮಾಡುತ್ತಾರಾ, ಅಲ್ವಾ?

ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದದ್ದು ಅದೇ ವರ್ಷ. ಕಣ್ಣೂರು ವಿಶ್ವವಿದ್ಯಾಲಯದಲ್ಲಿ ನಮ್ಮದೇ ಮೊದಲ ಬ್ಯಾಚು. ಸೀನಿಯರ್‌ಗಳೆಲ್ಲ ಹಳೇ ಪದ್ಧತಿಯವರು. ಹಾಗಾಗಿ ಲೆಕ್ಕವನ್ನು ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪಾಠದ ಗಂಟೆಗಳನ್ನು ಎಣಿಸುವುದು ಕ್ರೆಡಿಟ್ ಲೆಕ್ಕದಲ್ಲಿ. ಮೂರು ವರ್ಷಕ್ಕೆ ನಿಲ್ಲಿಸಿದರೆ 133 ಕ್ರೆಡಿಟ್, ನಾಲ್ಕನೇ ವರ್ಷವೂ ಓದಿ ಆನರ್ಸ್ ಪಡೆದರೆ 177. ಆ 133ರಲ್ಲಿ ಮುಖ್ಯ ವಿಷಯಕ್ಕೆ, ಅಂದರೆ ನನ್ನ ಮೇಜರ್‌ಗೆ 68, ಜೊತೆಯ ವಿಷಯಗಳಾದ ಮೈನರ್‌ಗೆ 24, ಇಂಟರ್ನ್‌ಶಿಪ್‌ಗೆ 2. ಉಳಿದ 39 ಕ್ರೆಡಿಟ್ ಭಾಷೆ, ಸ್ಕಿಲ್, ಮೌಲ್ಯವರ್ಧನೆ ಮತ್ತು ಬೇರೆ ವಿಭಾಗದ ಎಂಡಿಸಿ (ಮಲ್ಟಿ ಡಿಸಿಪ್ಲಿನರಿ) ಕೋರ್ಸ್‌ಗಳಿಗೆ. ಅಂದರೆ ಅರ್ಧದ ಹತ್ತಿರ ಜಿಯಾಲಜಿಯ ಹೊರಗೇ ಇತ್ತು. ಇದು ಗೊತ್ತಾದ ಮೇಲೆ, ಮೇಜರ್ ಸಿಕ್ಕಿತು, ಇನ್ನು ಉಳಿದದ್ದು ಹೇಗಾದರೂ ಆಗಲಿ ಎಂಬ ನನ್ನ ಧೈರ್ಯ ಹೋಯಿತು.

ಆದರೂ ಮೊದಲ ಸೆಮಿಸ್ಟರ್‌ನಲ್ಲಿ ತಪ್ಪು ಮಾಡಿದೆ. ಎಂಡಿಸಿ ಪಟ್ಟಿಯಲ್ಲಿ ಷೇರು ಮಾರುಕಟ್ಟೆಯ ಬಗ್ಗೆ ಒಂದು ಕೋರ್ಸ್ ಇತ್ತು. ಗೆಳತಿಯರೆಲ್ಲ ಅದನ್ನೇ ಹಾಕಿದರು, ನಾನೂ ಹಾಕಿದೆ. ಕೋರ್ಸ್ ಕೆಟ್ಟದಲ್ಲ, ಪಾಠವೂ ಚೆನ್ನಾಗಿತ್ತು. ಆದರೆ ನನ್ನ ತಲೆಯಲ್ಲಿ ಅದಕ್ಕೆ ಅಂಟಿಕೊಳ್ಳಲು ಜಾಗವೇ ಇರಲಿಲ್ಲ. ಒಂದು ಕ್ರೆಡಿಟ್ ಎಂದರೆ 15 ಗಂಟೆ ಪಾಠ. 3 ಕ್ರೆಡಿಟ್‌ಗೆ 45 ಗಂಟೆ. ಪರೀಕ್ಷೆ ಪಾಸಾದೆ, ಒಂದು ತಿಂಗಳಲ್ಲಿ ಎಲ್ಲ ಮರೆತೆ. ಆ 45 ಗಂಟೆಯ ಬಗ್ಗೆ ನನಗೆ ಈಗಲೂ ಬೇಸರ ಇದೆ.

ಆ ಕ್ರಿಸ್ಮಸ್ ರಜೆಯಲ್ಲಿ ನೋಟ್‌ಬುಕ್ಕಿನ ನಡುವಿನ ಪುಟದಲ್ಲಿ ಬರೆದೆ: "ನಮ್ಮ ಸುರಂಗದ ನೀರು ಯಾಕೆ ಬೇಗ ನಿಲ್ಲುತ್ತದೆ?" ಅದರ ಸುತ್ತ, ಇದನ್ನು ತಿಳಿಯಲು ಏನೇನು ಗೊತ್ತಿರಬೇಕು ಎಂದು ಬರೆಯುತ್ತಾ ಹೋದೆ. ಕಲ್ಲು, ನೀರು, ಮಳೆಯ ಲೆಕ್ಕ, ಈ ಸುರಂಗ ಯಾವಾಗ ಕೊರೆದದ್ದು, ಯಾರು ಕೊರೆದದ್ದು, ಕೊರೆದವರ ಮಾತು. ಮುಂದೆ ಪ್ರತಿ ಸಲ ಕೋರ್ಸ್ ಪಟ್ಟಿ ಬಂದಾಗ ಆ ಪುಟ ತೆರೆದು ಪಕ್ಕದಲ್ಲಿ ಇಟ್ಟುಕೊಂಡೆ.

ಕಲ್ಲಿನ ಪಾಠ ಮೇಜರ್‌ನಲ್ಲೇ ಸಿಕ್ಕಿತು. ನಮ್ಮ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಸ್ಪಂಜಿನ ಹಾಗೆ ತೂತು ತೂತು. ಮಳೆ ನೀರು ಅದರೊಳಗೆ ಇಳಿಯುತ್ತದೆ. ಕೆಳಗಿನ ಶೇಡಿ ಮಣ್ಣು, ಅಂದರೆ ಜೇಡಿಯಂಥ ಮೆತ್ತಗಿನ ಮಣ್ಣು, ನೀರನ್ನು ಸುಲಭಕ್ಕೆ ಬಿಡುವುದಿಲ್ಲ, ಅಲ್ಲಿ ತಡೆದ ನೀರು ಬದಿಗೆ ಹರಿಯುತ್ತದೆ. ಸುರಂಗ ಕೊರೆಯುವವರು ಹುಡುಕುವುದು ಆ ಜಾಗವನ್ನೇ. ಅಜ್ಜನಿಗೆ ಇದು ಗೊತ್ತಿತ್ತು. ಅವರು "ಕಲ್ಲು ಮುಗಿದು ಶೇಡಿ ಸಿಕ್ಕುವಲ್ಲಿ ನೀರು" ಎನ್ನುತ್ತಿದ್ದರು. ಪ್ರೊಫೆಸರ್ ಬೋರ್ಡಿನಲ್ಲಿ ಬಿಡಿಸಿದ್ದು ಅದೇ ಚಿತ್ರ. ಅವತ್ತು ಮನೆಗೆ ಫೋನ್ ಮಾಡಿ ಅಜ್ಜನಿಗೆ ಹೇಳಿದೆ.

ಮೈನರ್ ಎರಡು, ಕೆಮಿಸ್ಟ್ರಿ ಮತ್ತು ಫಿಸಿಕ್ಸ್. ಸೇರುವಾಗ ಇವನ್ನು ಸುಮ್ನೆ ಪ್ಲಸ್ ಟುವಿನಲ್ಲಿ ಓದಿದ್ದು ಎಂದು ಹಾಕಿದ್ದೆ. ಅದೃಷ್ಟಕ್ಕೆ ಎರಡೂ ಉಪಯೋಗಕ್ಕೆ ಬಂದವು. ಕೆಮಿಸ್ಟ್ರಿ ಲ್ಯಾಬಿಗೆ ಸುರಂಗದ ನೀರು ಬಾಟಲಿಯಲ್ಲಿ ತಂದು ಪಿಎಚ್ ನೋಡಿದೆ. 7ಕ್ಕಿಂತ ಕಡಿಮೆ, ಅಂದರೆ ಸ್ವಲ್ಪ ಹುಳಿ ಗುಣದ್ದು. ಮುರಕಲ್ಲಿನ ನಾಡಿನಲ್ಲಿ ಇದು ಸಾಮಾನ್ಯ ಎಂದು ಟೀಚರ್ ವಿವರಿಸಿದರು. ಫಿಸಿಕ್ಸ್‌ನಲ್ಲಿ ಓಮ್‌ನ ನಿಯಮ ಓದುವಾಗ, ಅಂತರ್ಜಲ ಹುಡುಕುವವರು ನೆಲಕ್ಕೆ ಸರಳು ಊರಿ ಕರೆಂಟು ಹರಿಸಿ ಅಳೆಯುವುದೂ ಇದನ್ನೇ ಎಂದು ಗೊತ್ತಾಯಿತು. ಒದ್ದೆ ಪದರದಲ್ಲಿ ಕರೆಂಟು ಸುಲಭಕ್ಕೆ ಹರಿಯುತ್ತದೆ, ಒಣ ಕಲ್ಲಿನಲ್ಲಿ ಕಷ್ಟ. ಮೈನರ್ ಆರಿಸುವವರಿಗೆ ಒಂದು ಮಾತು. ಲ್ಯಾಬಿನ ಸಮಯ ನೋಡಿಕೊಳ್ಳಿ. ಪ್ರಾಕ್ಟಿಕಲ್‌ನ ಒಂದು ಕ್ರೆಡಿಟ್‌ಗೆ ವಾರಕ್ಕೆ ಎರಡು ಗಂಟೆ ಬೇಕು. ನನಗೆ ಎರಡೂ ಲ್ಯಾಬಿನ ವಿಷಯ. ಉಪ್ಪಳದಲ್ಲಿ ಬಾಯಾರಿನ ಬಸ್ಸು ತಪ್ಪಿ ಕತ್ತಲಲ್ಲಿ ನಿಂತ ದಿನಗಳು ಜಾಸ್ತಿಯೇ ಇವೆ.

ಎರಡನೇ ಸೆಮಿಸ್ಟರ್‌ನ ಎಂಡಿಸಿಗೆ ಹಿಸ್ಟರಿ ವಿಭಾಗದ ಕೋರ್ಸ್ ಹಾಕಿದೆ. ಈ ಸಲ ಹೆಸರು ನೋಡಿ ಹಾಕಲಿಲ್ಲ. ಸಿಲೆಬಸ್ಸಿನ ಪಿಡಿಎಫ್ ಇಳಿಸಿ ಪ್ರತಿ ಮಾಡ್ಯೂಲ್‌ಗೆ ಎಷ್ಟು ಗಂಟೆ, ಅಸೈನ್‌ಮೆಂಟ್ ಯಾವ ರೀತಿಯದು ಎಂದು ಓದಿದೆ. ಊರಿನ ಚರಿತ್ರೆ ಬರೆಯುವ ಅಸೈನ್‌ಮೆಂಟ್ ಇತ್ತು. ಅದಕ್ಕಾಗಿಯೇ ಆರಿಸಿದೆ. ನಮ್ಮ ಜಿಯಾಲಜಿ ಕ್ಲಾಸಿನಿಂದ ನಾನು ಒಬ್ಬಳೇ.

ಆ ಕ್ಲಾಸಿನಲ್ಲಿ ಒಂದು ದಿನ ಫ್ರಾನ್ಸಿಸ್ ಬುಕಾನನ್ ಹೆಸರು ಬಂತು. ಟಿಪ್ಪು ಸತ್ತ ಮೇಲೆ ಕಂಪನಿ ಸರಕಾರ ಈ ನಾಡನ್ನೆಲ್ಲ ನೋಡಿ ಬರಲು ಕಳಿಸಿದ ಡಾಕ್ಟರ್. 1801ರಲ್ಲಿ ಮಲಬಾರಿನಿಂದ ಚಂದ್ರಗಿರಿ ಹೊಳೆ ದಾಟಿ ನಮ್ಮ ಕಡೆಯಿಂದಲೇ ಮಂಗಳೂರಿಗೆ ಹೋದವರು. ನಾನು ಕುಳಿತಲ್ಲೇ ನೆಟ್ಟಗಾದೆ. ಮುರಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವರೂ ಇವರೇ! ಮಲಪ್ಪುರದ ಅಂಗಾಡಿಪ್ಪುರದಲ್ಲಿ ಜನ ಮೆತ್ತಗಿರುವಾಗಲೇ ಕಡಿದು ಇಟ್ಟಿಗೆ ಮಾಡುವ ಈ ಕಲ್ಲನ್ನು ನೋಡಿ, ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಆ ಹೆಸರು ಕಟ್ಟಿದರು. ಅದು ಅಚ್ಚಾದದ್ದು 1807ರಲ್ಲಿ. ಜಿಯಾಲಜಿಯಲ್ಲಿ ಒಂದೇ ಸಾಲಿನಲ್ಲಿ ಓದಿ ಮುಗಿಸಿದ್ದ ಮನುಷ್ಯ ಹಿಸ್ಟರಿ ಕ್ಲಾಸಿನಲ್ಲಿ ನಡೆದುಕೊಂಡು ಬಂದ ಹಾಗಾಯಿತು. ಊರವರ ಕೈಗೆಲಸ ನೋಡಿಯೇ ಆ ಹೆಸರು ಹುಟ್ಟಿದ್ದು ಎಂಬುದು ನನ್ನ ಮನಸ್ಸಿನಲ್ಲಿ ಉಳಿಯಿತು. ಅಸೈನ್‌ಮೆಂಟಿಗೆ ಸುರಂಗ ಕೊರೆದ ಹಿರಿಯರನ್ನು ಮಾತಾಡಿಸಿದೆ. ಒಳಗೆ ಗಾಳಿ ಇದೆಯಾ ಎಂದು ದೀಪ ಹಚ್ಚಿ ನೋಡುವುದು, ನೀರು ಹೊರಗೆ ಬರುವ ಹಾಗೆ ಒಳಕ್ಕೆ ಹೋದಂತೆ ನೆಲ ಸ್ವಲ್ಪ ಏರಿಸುವುದು, ನೀರು ತರಲು ಅಡಿಕೆ ಮರ ಸೀಳಿ ಮಾಡಿದ ದಂಬೆ ಇಡುವುದು, ಎಲ್ಲ ಹೇಳಿದರು.

ಮೂರನೇ ಎಂಡಿಸಿಯ ಬಗ್ಗೆ ಹೇಳುವಂಥದ್ದು ಏನಿಲ್ಲ.

ಭಾಷೆಯ ವಿಚಾರದಲ್ಲಿ ಜಾಸ್ತಿ ಯೋಚಿಸಬೇಕಾಯಿತು. ಮೊದಲ ಎರಡು ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಜೊತೆ ಇನ್ನೊಂದು ಭಾಷೆ ಓದಬೇಕು. ಕನ್ನಡವೋ ಮಲಯಾಳವೋ? ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. "ಇಲ್ಲೇ ಕೆಲಸ ಬೇಕಾದರೆ ಮಲಯಾಳ ತೆಗೆದುಕೋ" ಎಂದರು ಅಪ್ಪ. ಅವರ ಮಾತಿನಲ್ಲಿ ಸತ್ಯ ಇದೆ. ಆಫೀಸಿನ ಕಾಗದಗಳಲ್ಲಿ ಎಷ್ಟೋ ಸಲ ಪೇಚಾಡಿದವರು ಅವರು. ಮಲಯಾಳದಲ್ಲಿ ಅಪೇಕ್ಷೆ ಎಂದರೆ ಅರ್ಜಿ, ಅವಸರ ಎಂದರೆ ಅವಕಾಶ, ಅವಧಿ ಎಂದರೆ ರಜೆ. ಕನ್ನಡದ ಕಿವಿಗೆ ಎಲ್ಲ ಗೊತ್ತಿರುವ ಪದದ ಹಾಗೆಯೇ ಕೇಳುತ್ತದೆ, ಅರ್ಥ ಮಾತ್ರ ಬೇರೆ.

ಆದರೆ ಆ ಪೇಪರಿನ ಸಿಲೆಬಸ್ ನೋಡಿದೆ. ಅದು ಚಿಕ್ಕಂದಿನಿಂದ ಮಲಯಾಳ ಓದಿದವರಿಗಾಗಿ ಮಾಡಿದ್ದು, ಕತೆ ಕವಿತೆಗಳ ಪಾಠ. ನನಗೆ ಬೇಕಾದದ್ದು ಅರ್ಜಿ ಬರೆಯುವ, ವರದಿ ಓದುವ ಮಲಯಾಳ. ಹಾಗಾಗಿ ಕನ್ನಡ ತೆಗೆದುಕೊಂಡೆ. ಮಲಯಾಳವನ್ನು ಬೇರೆಯಾಗಿ ಕಲಿತೆ. ದಿನಾ ಬಸ್ಸಿನಲ್ಲಿ ಪಕ್ಕ ಕೂರುವ ಗೆಳತಿ ಪೇಪರಿನ ಒಂದು ಸುದ್ದಿ ಓದಿಸುತ್ತಿದ್ದಳು. ಒಂದು ವರ್ಷದಲ್ಲಿ ಅಂತರ್ಜಲದ ವರದಿಯ ಒಂದು ಪುಟ ನಿಧಾನಕ್ಕೆ ಓದುವಷ್ಟಾಯಿತು. ಕನ್ನಡ ತೆಗೆದುಕೊಂಡ ಬಗ್ಗೆ ನನಗೆ ಪಶ್ಚಾತ್ತಾಪ ಇಲ್ಲ. ಅಜ್ಜನ ಮಾತುಗಳನ್ನು ನೆಟ್ಟಗೆ ಬರೆದಿಡುವ ಧೈರ್ಯ ಬಂದದ್ದು ಆ ಕ್ಲಾಸಿನಿಂದಲೇ.

ಈಗ ಮೂರನೇ ವರ್ಷ. ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸುತ್ತಮುತ್ತಲಿನ ಸುರಂಗಗಳ ನಕ್ಷೆ ಮಾಡುತ್ತಿದ್ದೇನೆ. ಒಳಗೆ ಮೊಬೈಲಿನ ಜಿಪಿಎಸ್ ಸಿಗುವುದಿಲ್ಲ. ಬಾಯಿಯ ಹತ್ತಿರ ಜಾಗ ಗುರುತು ಮಾಡಿ, ಒಳಗಿನ ಉದ್ದವನ್ನು ಟೇಪು ಹಿಡಿದೇ ಅಳೆಯಬೇಕು. ನಕ್ಷೆಯಲ್ಲಿ ಬೋರ್‌ವೆಲ್‌ಗಳನ್ನೂ ಹಾಕುತ್ತಿದ್ದೇನೆ. ಉತ್ತರ ಅಲ್ಲಿರಬಹುದು ಎಂಬ ಅನುಮಾನ ನನಗಿದೆ, ಆದರೆ ಎರಡು ಬೇಸಗೆಯ ಅಳತೆಯಾದರೂ ಬೇಕು. ಸಂಶೋಧನೆಯ ಆನರ್ಸ್‌ಗೆ ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇಕಡ 75 ಇರಬೇಕು, ಅದಕ್ಕಾಗಿ ಓದುತ್ತಿದ್ದೇನೆ.

ಹೋದ ವಾರ ಪೆರ್ಲದಿಂದ ಚಿಕ್ಕಮ್ಮನ ಮಗ ಬಂದಿದ್ದ. ಬಾಟನಿಗೆ ಸೇರಿದ್ದಾನೆ. "ಅಕ್ಕ, ಎಂಡಿಸಿಗೆ ಸುಲಭದ್ದು ಯಾವುದು?" ಎಂದು ಮೊಬೈಲು ಚಾಚಿದ. ಬಾಟನಿ ಯಾಕೆ ತೆಗೆದುಕೊಂಡೆ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, ತೋಟದಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ಬಂದಿದೆ, ಅಪ್ಪ ಮದ್ದು ಹೊಡೆದು ಹೊಡೆದು ಸೋತಿದ್ದಾರೆ ಎಂದ. ಒಂದು ಖಾಲಿ ನೋಟ್‌ಬುಕ್ ಕೊಟ್ಟು, ಅದನ್ನು ನಡುವಿನ ಪುಟದಲ್ಲಿ ಬರೆ ಎಂದೆ. ಫಾರ್ಮಿಗೆ ಇನ್ನೂ 3 ದಿನ ಇತ್ತು. ಇಬ್ಬರೂ ಜಗಲಿಯಲ್ಲಿ ಕುಳಿತು ಸಿಲೆಬಸ್ಸಿನ ಪಿಡಿಎಫ್ ತೆರೆದೆವು.